ಮೇಲಿನ ಖೋಲಿಯ ತವರುಮನೆ

ಮನೆ ಬಾಡಿಗೆಗೆ ಕೊಟ್ಟವರು ಬಾಯಿ ಬಿಗಿಹಿಡಿದು ಬದುಕಬೇಕು. ಇದನ್ನು ನನಗೆ ಯಾರೂ ಮೊದಲೇ ಹೇಳಲಿಲ್ಲ. ಹೇಳಿದ್ದರೂ ಕೇಳುತ್ತಿರಲಿಲ್ಲ, ಆ ಮಾತು ಬೇರೆ.

ನನ್ನ ಗಂಡ ಓಝರ್ ಹತ್ತಿರದ ವಿಮಾನದ ಕಾರ್ಖಾನೆಯಲ್ಲಿ ಫಿಟರ್. ವಿಜಯಪುರದ ಕಡೆಯಿಂದ ನನ್ನನ್ನು ಕರೆತಂದು ನಾಸಿಕ್ ರೋಡಿನಲ್ಲಿ ಮನೆ ಕಟ್ಟಿಸಿದರು. ಕೆಳಗೆ ಒಂದು ಖೋಲಿ, ಅಡುಗೆಮನೆ. ಮೇಲೆ ಎರಡು ಖೋಲಿ. ಸಾಯುವ ಮುಂಚೆ, ಮೇಲಿನದನ್ನು ಬಾಡಿಗೆಗೆ ಕೊಡು, ಮಗನ ಮುಂದೆ ಕೈಚಾಚಬೇಡ ಎಂದರು. ಅವರು ಹೇಳಿದ ಮಾತುಗಳಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ. ಕೆಳಗಿನ ಖೋಲಿಯಲ್ಲಿ ನಾನು, ಮಗ, ಸೊಸೆ, ಅವರ ಇಬ್ಬರು ಮಕ್ಕಳು ಒತ್ತಿಕೊಂಡು ಮಲಗುತ್ತಿದ್ದೆವು.

ಮೊದಲಿನ ಬಾಡಿಗೆದಾರರೆಲ್ಲ ಮರಾಠಿ ಮಂದಿ. ಏಜೆಂಟನನ್ನು ಕರೆಸಿ, ಹನ್ನೊಂದು ತಿಂಗಳ ಕರಾರು ಬರೆಸಿ, ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿಸಿ, ಪೊಲೀಸರಿಗೆ ಮಾಹಿತಿ ಕೊಟ್ಟೇ ಕೀಲಿ ಕೊಡುತ್ತಿದ್ದೆ. ಆಮೇಲೆ ಒಬ್ಬ ಸೆಂಟ್ರಿಂಗ್ ಕೆಲಸದವನು ಹೆಂಡತಿಯನ್ನು ಕರೆದುಕೊಂಡು ಬಂದ. ಸಿಂದಗಿ ಕಡೆಯವರು. ನನ್ನ ತಮ್ಮನ ಊರಿಗೂ ಅವರ ಊರಿಗೂ ನಡುವೆ ಒಂದು ಹಳ್ಳ ಅಷ್ಟೇ. ಹುಡುಗಿ ಬಾಗಿಲಲ್ಲಿ ನಿಂತು, “ಅವ್ವಾರ, ಆರಾಮ ಅದೀರೇನ್ರಿ?” ಎಂದಳು. ಎಷ್ಟೋ ವರ್ಷಗಳ ಮೇಲೆ ನನ್ನ ಹೊಸ್ತಿಲಲ್ಲಿ ಆ ಮಾತು ಕೇಳಿದ್ದು. ಮಗ ಕರಾರು ಮಾಡಿಸು ಎಂದ.

“ನಮ್ಮ ಕಡೇ ಮಂದಿ ಜೋಡಿ ಎಂಥಾ ಕರಾರೋ?” ಎಂದೆ.

“ಅವ್ವ, ನಮ್ಮ ಕಡೇ ಮಂದೀನ ಜಾಸ್ತಿ ತ್ರಾಸ ಕೊಡ್ತಾರ,” ಎಂದ. ಇಲ್ಲೇ ಹುಟ್ಟಿ ಬೆಳೆದವನಿಗೆ ಏನು ಗೊತ್ತು ಎಂದು ಸುಮ್ಮನಾಗಿಸಿದೆ.

ಹುಡುಗಿಗೆ ತಂದೆತಾಯಿ ಇರಲಿಲ್ಲ. ಅತ್ತೆಗೆ ಬಾಯಿ, ಕೈ ಎರಡೂ ಜೋರಂತೆ. ಹಿತ್ತಲ ಒಗೆಯುವ ಕಲ್ಲಿಗೆ ಅತ್ತೆ ಕುಟ್ಟಿದ್ದ ಗುರುತನ್ನು ಬೆನ್ನ ಮೇಲೆ ನನಗೇ ತೋರಿಸಿದಳು. ಗಂಡನನ್ನು ಒಪ್ಪಿಸಿ ಊರು ಬಿಡಿಸಿಕೊಂಡು ಬಂದಿದ್ದಳು. “ಅವ್ವಾರ, ನಾವು ಇಲ್ಲಿ ಅದೀವಂತ ಊರಾಗ ಯಾರಿಗೂ ಹೇಳಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ,” ಎಂದಿದ್ದಳು. ಹೇಳುವುದಿಲ್ಲ ಎಂದೆ. ಆಗ ಹೇಳುವ ಅಗತ್ಯ ಇರಲಿಲ್ಲ.

ಅವಳು ಬಸುರಾದಳು. ಕುಬಸ ಮಾಡುವುದು ತವರಿನವರ ಕೆಲಸ, ಅವಳಿಗೆ ತವರಿಲ್ಲ. ಓಣಿಯ ಹೆಂಗಸರ ಮುಂದೆ ನಾನೇ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ ಉಡಿ ತುಂಬಿದೆ. ಕೈಯಲ್ಲಿ ಅಕ್ಕಿ ಹಿಡಿದಾಗ ನಮ್ಮ ಹೆಂಗಸರು ಏನು ಹೇಳುತ್ತಾರೋ ಅದನ್ನೇ ಹೇಳಿದೆ: “ಇದು ನಿನ್ನ ತವರಮನಿ ಅಂತ ತಿಳಕೋ. ನಿನ್ನ ಯಾರೂ ಹೊರಗ ಹಾಕಂಗಿಲ್ಲ.” ಅವಳ ಗಂಡ ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದ. ನಾನು ಸೆರಗು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿದೆ, ಚೆನ್ನಾಗಿ ಬರಲಿ ಎಂದು.

ಮಗು ಹುಟ್ಟಿತು, ಗಂಡು. ತೊಟ್ಟಿಲು ನಮ್ಮದೇ.

ಅದೇ ಹೊತ್ತಿಗೆ ಸಂಭಾಜಿನಗರದಲ್ಲಿ ನನ್ನ ಮಗಳ ಸಂಸಾರ ಒಡೆಯಿತು. ಅಳಿಯ ಇನ್ನೊಬ್ಬಳನ್ನು ಮಾಡಿಕೊಂಡು ಹೋದ. ಮಗಳು ವಾಳೂಜ್ ಕಡೆ ಒಂದು ಕಂಪನಿಯಲ್ಲಿ ಡಬ್ಬಿ ಪ್ಯಾಕ್ ಮಾಡುತ್ತ, ಸಣ್ಣ ಮಗಳನ್ನು ಕಟ್ಟಿಕೊಂಡು ಬಾಡಿಗೆ ಖೋಲಿಯಲ್ಲಿದ್ದಳು. ಕರಾರಿನ ಹನ್ನೊಂದು ತಿಂಗಳು ಮುಗಿದದ್ದೇ ಮಾಲಕ ಖೋಲಿ ಬಿಡು ಎಂದ. ಅವನಿಗೆ ನಾಲ್ಕು ಮಾತು ಬಯ್ಯಬೇಕು ಎಂದೇ ನಾನು ಎಸ್‌ಟಿ ಬಸ್ಸು ಹತ್ತಿ ಹೋದೆ.

ಅವನು ನನಗೆ ಕುರ್ಚಿ ಕೊಟ್ಟ, ಚಹಾ ಕೊಟ್ಟ, ಕರಾರು ತೋರಿಸಿದ. “ಆಜಿ, ನಿಮ್ಮ ಮಗಳು ಒಳ್ಳೆಯವಳು. ಗಂಡ ಬಿಟ್ಟವಳು ಬಾಡಿಗೆ ತಡ ಮಾಡುತ್ತಾಳೆ, ಆಮೇಲೆ ಅಳುತ್ತಾಳೆ. ಅಳುವ ಮೊದಲೇ ಬಿಡಿಸಿಬಿಟ್ಟರೆ ನನಗೂ ಕೆಟ್ಟ ಹೆಸರಿಲ್ಲ,” ಎಂದ. ನಗುತ್ತಲೇ ಹೇಳಿದ. ಬಯ್ಯಲು ಹೋದವಳು ಕಪ್ಪು ಖಾಲಿ ಮಾಡಿ ಕೆಳಗಿಟ್ಟೆ. ಚಹಾ ಚೆನ್ನಾಗಿತ್ತು.

ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ನಾಸಿಕ್ ರೋಡಿಗೆ ಬಂದೆ. ಮಲಗಲು ಜಾಗ? ಮೆಟ್ಟಿಲ ಕೆಳಗೆ ಮರೆಗೆ ತಾಡಪತ್ರಿ ಕಟ್ಟಿಸಿದೆ. ನಾದಿನಿಯನ್ನು ನೋಡಿ ಸೊಸೆ ಅಡುಗೆಮನೆಯಲ್ಲಿ ಪಾತ್ರೆ ಎಸೆಯತೊಡಗಿದಳು. ಮೇಲಿನವನಿಗೆ ಹೇಳಿದೆ: “ನನ್ನ ಮಗಳು ಬಂದಾಳಪಾ. ಖೋಲಿ ಬಿಡು, ಬ್ಯಾರೆ ಮನಿ ನೋಡಿಕೋ.”

ಎರಡು ತಿಂಗಳು ನೋಡುತ್ತೇನೆ, ನೋಡುತ್ತೇನೆ ಎಂದ. ಆಮೇಲೆ ಬಾಡಿಗೆಯನ್ನೂ ನಿಲ್ಲಿಸಿದ. ಕೇಳಲು ಹೋದರೆ ಹುಡುಗಿ ಮಗುವಿಗೆ ಹಾಲೂಡಿಸುತ್ತ ಕೂತಿದ್ದಳು. “ಅವ್ವಾರ, ತವರಮನ್ಯಾಗ ಯಾರರ ಭಾಡೆ ಕೊಡ್ತಾರೇನ್ರಿ?” ಎಂದಳು. ತಮಾಷೆ ಇರಬೇಕು ಎಂದು ನಕ್ಕೆ. ಅವಳು ನಗಲಿಲ್ಲ.

ಪೊಲೀಸ್ ಚೌಕಿಗೆ ಹೋದೆ. ಅವನನ್ನು ಕರೆಸಿದರು. ಅವನು ಮೊಬೈಲ್ ತೆಗೆದು ವಿಡಿಯೋ ತೋರಿಸಿದ. ನನ್ನ ಮಾತನ್ನು ಮರಾಠಿಗೆ ತಿರುಗಿಸಿಯೂ ಹೇಳಿದ: ಇದು ನಿನ್ನ ಮಾಹೇರ, ನಿನ್ನನ್ನು ಯಾರೂ ಹೊರಹಾಕುವುದಿಲ್ಲ. ನಾವು ಬಾಡಿಗೆದಾರರೇ ಅಲ್ಲ ಸಾಹೇಬ, ಇದು ನನ್ನ ಹೆಂಡತಿಯ ಮಾಹೇರ, ಅಜ್ಜಿ ಕೊಟ್ಟದ್ದು ಎಂದು ಬರೆದೂ ಕೊಟ್ಟ. ಹವಾಲ್ದಾರ ಎರಡು ಸಲ ವಿಡಿಯೋ ನೋಡಿದ. “ಆಜಿ, ಸೀರೆ ಛಲೋ ಐತಿ,” ಎಂದ. ಆ ಒಂದು ಮಾತನ್ನು ಕನ್ನಡದಲ್ಲೇ ಅಂದ, ಸೊಲ್ಲಾಪುರದವನಂತೆ. ಇದು ದಿವಾಣಿ ಕೆಲಸ, ಕೋರ್ಟಿಗೆ ಹೋಗಿ ಎಂದು ಕಳಿಸಿದ.

ವಕೀಲ ನನ್ನನ್ನು ಹೊಗಳಲೂ ಇಲ್ಲ, ಹೆದರಿಸಲೂ ಇಲ್ಲ. ಮರಾಠಿಯಲ್ಲಿ ನಿಧಾನವಾಗಿ ಹೇಳಿದ. ನೋಂದಣಿ ಆದ ಕರಾರು ಇದ್ದಿದ್ದರೆ ಅವಧಿ ಮುಗಿದ ಮೇಲೆ ಬೇರೆ ಅಧಿಕಾರಿಯ ಮುಂದೆ ಹೋಗಿ ಬೇಗ ಬಿಡಿಸಬಹುದಿತ್ತು. ಬರೆದ ಕರಾರು ಇಲ್ಲದಿದ್ದರೆ ಈ ರಾಜ್ಯದ ಕಾನೂನು ಬಾಡಿಗೆದಾರ ಹೇಳಿದ್ದನ್ನೇ ಮೊದಲು ನಂಬುತ್ತದೆ. ಅದು ಸುಳ್ಳು ಎಂದು ತೋರಿಸುವ ಭಾರ ಮಾಲಕರ ಮೇಲೆ. ಕರಾರು ಮಾಡಿಸದ ತಪ್ಪೂ ಮಾಲಕರದೇ.

“ವಿಡಿಯೋದಿಂದ ಅವನಿಗೆ ಮನೆ ಸಿಗುವುದಿಲ್ಲ ಆಜಿ. ಆದರೆ ವರ್ಷಗಳು ಸಿಗುತ್ತವೆ.”

“ಎಷ್ಟು ವರ್ಷ?”

“ನಿಮ್ಮ ವಯಸ್ಸೆಷ್ಟು?” ಎಂದು ಕೇಳಿ ಅವನು ಕಾಗದದ ಕಡೆ ನೋಡಿದ.

ಮನೆಗೆ ಬಂದು ಮೇಲಿನ ನೀರಿನ ವಾಲ್ವ್ ತಿರುಗಿಸಿ ಮುಚ್ಚಿದೆ. ಮಾರನೆಯ ದಿನವೇ ಪೊಲೀಸರು ನನ್ನನ್ನೇ ಕರೆದರು. ನೀರು, ಲೈಟು ಕಡಿಯುವುದು ಗುನ್ಹೆ, ಕೇಸು ನಿಮ್ಮ ಮೇಲೇ ಆಗುತ್ತದೆ ಎಂದರು. ಮಗ ನನ್ನ ಎದುರಿಗೇ ವಾಲ್ವ್ ಬಿಟ್ಟ. ಮೇಲೆ ಹುಡುಗಿ ಬಟ್ಟೆ ಒಗೆಯತೊಡಗಿದಳು. ಆ ನೀರು ಸೋರಿ ಮೆಟ್ಟಿಲ ಕೆಳಗೆ ಮಗಳ ಹಾಸಿಗೆಯ ಮೇಲೆ ಬಿತ್ತು. ಮಗಳು ಹಾಸಿಗೆ ಎಳೆದುಕೊಳ್ಳುತ್ತ ಅಂದಳು: “ನಿನ್ನ ತವರಮನಿ ಮಗಳು ಮ್ಯಾಲೆ ಅದಾಳವ್ವ. ನಾ ಯಾರು, ಭಾಡೆದಾಕಿ.”

ಆ ಮಾತಿನ ಮೇಲೆ ನನಗೆ ದಾರಿ ಹೊಳೆಯಿತು. ಇದು ಅವಳ ತವರುಮನೆ ಆದರೆ, ಹೆಂಡತಿಯ ತವರಲ್ಲಿ ಬಂದು ಕೂತ ಗಂಡ ಯಾರು? ನಮ್ಮ ಸೀಮೆಯಲ್ಲಿ ಅವನಿಗೆ ಒಂದೇ ಹೆಸರು.

ನನ್ನ ತಮ್ಮನ ಹೆಂಡತಿಗೆ ಫೋನ್ ಮಾಡಿ ಹಳ್ಳದ ಆಚೆಯ ಮನೆಯ ನಂಬರು ತರಿಸಿಕೊಂಡೆ. ಹುಡುಗಿಯ ಅತ್ತೆಯೇ ಎತ್ತಿದಳು.

“ನಿಮ್ಮ ಮಗ, ಸೊಸಿ ನಮ್ಮ ಮನ್ಯಾಗ ಅದಾರ. ಮೊಮ್ಮಗ ಹುಟ್ಟ್ಯಾನ, ಗಂಡು,” ಎಂದೆ.

“ನಿಮ್ಮ ಮನ್ಯಾಗ ಯಾಕ?” ಎಂದಳು.

“ನಿಮ್ಮ ಮಗ ಪೊಲೀಸರ ಮುಂದ ಬರಕೊಟ್ಟಾನ್ರಿ, ಇದು ತನ್ನ ಹೆಂಡತಿ ತವರಮನಿ ಅಂತ. ನನಗ ಮನಿಯಳಿಯ ಬೇಕಾಗಿದ್ದಿಲ್ಲ. ತಾನಾಗೇ ಬಂದು ಕುಂತಾನ.”

“ಮನಿಯಳಿಯ ಅಂದ್ರೇನು?” ಎಂದಳು ಆಕೆ. ಅರ್ಥ ಆಗದೆ ಕೇಳಿದ್ದಲ್ಲ ಅದು. ವಿಳಾಸ ಬರೆಸಿದೆ.

ಆಕೆ ಕಿರಿ ಮಗನನ್ನೂ ತನ್ನ ಇಬ್ಬರು ಭಾವಂದಿರನ್ನೂ ಕರೆದುಕೊಂಡು ಬಂದಳು. ಕೆಳಗೆ ನೀರೂ ಕುಡಿಯಲಿಲ್ಲ, ನೇರ ಮೆಟ್ಟಿಲು ಹತ್ತಿದಳು. ಓಣಿಯ ಕನ್ನಡದವರೆಲ್ಲ ಕೇಳಲಿ ಎಂದೇ ಬಾಗಿಲಲ್ಲಿ ನಿಂತು ಮಾತಾಡಿದಳು. “ಗೌಡಕಿ ಮಾಡಿದ ಮನೀ ಮಗ ನೀ. ಇಲ್ಲಿ ಅತ್ತೀ ಮನ್ಯಾಗ ಕೂಳು ತಿಂತೀಯೇನೋ? ಆಕೀ ಹೆಸರಿನ ಮನಿ ಅಂತ ಬರಕೊಟ್ಟೀಯಂತ. ಹಂಗಾರ ಅಪ್ಪನ ಹೆಸರು ತಗಿ, ಆಕೀದು ಹಚ್ಚಿಕೋ.”

ಕೋರ್ಟಿನಲ್ಲಿ ವರ್ಷಗಟ್ಟಲೆ ನಿಲ್ಲಬಹುದಾಗಿದ್ದ ಗಂಡಸು ತಾಯಿಯ ಮುಂದೆ ಒಂದು ಮಧ್ಯಾಹ್ನ ನಿಲ್ಲಲಿಲ್ಲ. ಇದು ತವರಲ್ಲ, ಬಾಡಿಗೆ ಮನೆ, ಬಾಡಿಗೆ ಮನೆ ಎಂದು ಓಣಿಗೆಲ್ಲ ಕೇಳುವ ಹಾಗೆ ಅವನೇ ಕೂಗಿದ. ನನ್ನ ಮಗ ಅದನ್ನು ವಿಡಿಯೋ ಹಿಡಿದ. ಇಲ್ಲಿ ಹುಟ್ಟಿದವನಿಗೂ ಅಷ್ಟು ಬುದ್ಧಿ ಇತ್ತು. ಅಂದೇ ಟೆಂಪೋ ಕರೆಸಿ ಸಾಮಾನು ಹೇರಿದರು.

ಅತ್ತೆ ಮೊಮ್ಮಗನನ್ನು ಕಂಕುಳಲ್ಲಿ ಹೊತ್ತು ಮುಂದೆ ಇಳಿದಳು. ಹುಡುಗಿ ಹಿಂದೆ. ತವರಿನಿಂದ ಹೋಗುವವಳನ್ನು ಬರಿಗೈಲಿ ಕಳಿಸಬಾರದು. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ರವಿಕೆಯ ಕಣ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದೆ.

“ಹೇಳಂಗಿಲ್ಲ ಅಂದಿದ್ರಿ, ಅವ್ವಾರ,” ಎಂದಳು.

“ಭಾಡೆ ಕೊಡ್ತೀನಿ ಅಂತ ನೀನೂ ಅಂದಿದ್ದಿ,” ಎಂದೆ.

ಅವಳು ಉಡಿ ಒಡ್ಡಲಿಲ್ಲ. ಅಕ್ಕಿ ಮೆಟ್ಟಿಲ ಮೇಲೆ ಚೆಲ್ಲಿತು. ಅತ್ತೆ ಟೆಂಪೋದಲ್ಲಿ ಕೂತು ಅವಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ಹೇಗೆ ಹಿಡಿದಳು ಎಂಬುದನ್ನು ನೋಡಿದೆ. ಈಗ ಆ ಹುಡುಗಿ ಹೇಗಿದ್ದಾಳೆ ಎಂದು ನನ್ನ ತಮ್ಮನ ಹೆಂಡತಿ ಫೋನಿನಲ್ಲಿ ಹೇಳಲು ಹೊರಡುತ್ತಾಳೆ. ನಾನು ಮಳೆ ಬೆಳೆ ಕೇಳುತ್ತೇನೆ. ನನ್ನ ಮಗಳು ಮೆಟ್ಟಿಲ ಕೆಳಗೆ ಮಲಗಿದ್ದಾಗ ಆ ಹುಡುಗಿಯೂ ನನ್ನನ್ನು ಏನೂ ಕೇಳಿರಲಿಲ್ಲ.

ಮರುದಿನ ಮಗಳು ಅಕ್ಕಿ ಗುಡಿಸಿ, ಮೇಲಿನ ಖೋಲಿ ತೊಳೆದು, ಮೊಮ್ಮಗಳ ಪುಸ್ತಕದ ಚೀಲವನ್ನು ಗೂಟಕ್ಕೆ ಸಿಕ್ಕಿಸಿದಳು. ಅವಳ ಮುಖ ಅರಳಿತ್ತು. ನಾನು ಏಜೆಂಟನನ್ನು ಕರೆದುಕೊಂಡೇ ಮೇಲೆ ಹೋದೆ.

“ಇವ ಯಾಕ ಬಂದಾನವ್ವ?”

“ಹನ್ನೊಂದು ತಿಂಗಳ ಕರಾರು. ಹೆಬ್ಬೆಟ್ಟು ಒತ್ತು.”

“ನಾ ನಿನ್ನ ಹೊಟ್ಟ್ಯಾಗ ಹುಟ್ಟೀನಿ. ಇದು ನನ್ನ ತವರಮನಿ ಹೌದೋ ಅಲ್ಲೋ?”

ನಾನು ಬಾಯಿ ತೆರೆಯಲಿಲ್ಲ. ಡಬ್ಬಿ ಪ್ಯಾಕ್ ಮಾಡಿ ಮಾಡಿ ಅವಳ ಹೆಬ್ಬೆಟ್ಟು ಸವೆದಿತ್ತು, ಯಂತ್ರ ಹಿಡಿಯಲಿಲ್ಲ. ಏಜೆಂಟ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಮತ್ತೆ ಒತ್ತಿಸಿದ. ಕೊನೆಗೆ ಹಿಡಿಯಿತು.

ಎಷ್ಟೋ ದಿನ ಮಾತು ಬಿಟ್ಟಳು. ಒಂದು ಬೆಳಿಗ್ಗೆ ಮೇಲಿನಿಂದಲೇ ಕೂಗಿದಳು: “ಮಾಲಕೀಣಬಾಯಿ, ಬಚ್ಚಲದ ನಳ ಸೋರಾಕತ್ತೈತ್ರಿ.”

“ಸಣ್ಣ ರಿಪೇರಿ ಭಾಡೆದಾರಂದು ಅಂತ ಕರಾರಿನಾಗ ಐತಿ,” ಎಂದೆ.

ಅವಳೇ ಪ್ಲಂಬರನನ್ನು ಕರೆಸಿ ಮಾಡಿಸಿಕೊಂಡಳು.