ಅಜ್ಜಿಯ ಹೆಜ್ಜೆಗೆ ಕಟ್ಟಿದ ಮಟ್ಟು

ಹಿರಿಯೂರಿನ ಬ್ಯಾಂಡ್ ಸೆಟ್ಟಿನಲ್ಲಿ ನಾನು ಕ್ಲಾರಿನೆಟ್ ಊದುತ್ತಿದ್ದ ಕಾಲದಲ್ಲಿ, ನಮ್ಮ ಮಾಸ್ತರು ಮದುವೆ ಮೆರವಣಿಗೆಗೆ ಮುಂಚೆ ಯಾವ ಹಾಡು ಬೇಕೆಂದು ಕೇಳುತ್ತಿರಲಿಲ್ಲ. ದಿಬ್ಬಣದಲ್ಲಿ ಎಲ್ಲರಿಗಿಂತ ವಯಸ್ಸಾದವರು ಯಾರೆಂದು ವಿಚಾರಿಸಿ, ಅವರು ನಡೆಯುವುದನ್ನು ನೋಡುತ್ತಿದ್ದರು. ಆ ಹೆಜ್ಜೆಗೆ ತಕ್ಕ ತಾಳವನ್ನು ಡ್ರಮ್ಮಿನವನಿಗೆ ಹೇಳಿ, ಅದರ ಮೇಲೆ ನಿಂತಲ್ಲೇ ಹೊಸ ಮಟ್ಟು ಕಟ್ಟುತ್ತಿದ್ದರು. ಸಿನಿಮಾ ಹಾಡು ಕೂಡ ಆ ನಡಿಗೆಗೇ ಬಗ್ಗಬೇಕಿತ್ತು.

ಜವನಗೊಂಡನಹಳ್ಳಿಯ ಒಂದು ಮದುವೆಯಲ್ಲಿ, ಹುಡುಗಿಯರು ನೋಡಲಿ ಎಂದು ನಾನು ವೇಗ ಹೆಚ್ಚಿಸಿದೆ. ಡ್ರಮ್ಮಿನವನೂ ನನ್ನ ಜೊತೆ ಓಡಿದ. ಮಾಸ್ತರು ಕೈಯೆತ್ತಿ ಬ್ಯಾಂಡ್ ನಿಲ್ಲಿಸಿದರು.

"ಲೇ, ಹಿಂದ್ ತಿರುಗಿ ನೋಡು. ಮದುಮಗನ ಅಜ್ಜಿ ಇನ್ನೂ ಬಾವಿ ಹತ್ರಾನೇ ಐತೆ. ಯಾರಿಗೆ ಊದ್ತಾ ಇದೀಯ ನೀನು?"

ಅಜ್ಜಿ ಬಂದು ಸೇರುವವರೆಗೂ ಎಲ್ಲರೂ ಬಿಸಿಲಲ್ಲೇ ನಿಂತೆವು.

ಕಳೆದ ವಾರ ಚಿತ್ರದುರ್ಗದಲ್ಲಿ ನನ್ನ ಮೊಮ್ಮಗನ ಮದುವೆ. ಬ್ಯಾಂಡಿನವರ ಗಾಡಿಯ ಮೇಲೆ ಕೀಬೋರ್ಡು, ಆಳೆತ್ತರದ ಸ್ಪೀಕರು. ತಾಳವನ್ನು ಮೊದಲೇ ಯಂತ್ರಕ್ಕೆ ತುಂಬಿಸಿಟ್ಟಿದ್ದರು. ನುಡಿಸುವವನ ಮಟ್ಟುಗಳು ಚೆನ್ನಾಗಿದ್ದವು, ಸುಳ್ಳೇಕೆ ಹೇಳಲಿ. ನಮ್ಮ ಮಾಸ್ತರಿಗೂ ಹೊಳೆಯದ ತಿರುವುಗಳು ಅವುಗಳಲ್ಲಿದ್ದವು. ಆದರೆ ಆ ಪುಣ್ಯಾತ್ಮ ಒಮ್ಮೆಯೂ ಹಿಂದೆ ನೋಡಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಪಾಪ, ವಯಸ್ಸಾದವರು ಯಾರು ಎಲ್ಲಿ ಉಳಿದರೋ ಎಂದು ತಿರುಗಿ ನೋಡಿದೆ.

ರಸ್ತೆ ಖಾಲಿಯಿತ್ತು. ಎಲ್ಲರಿಗಿಂತ ಹಿಂದೆ ಉಳಿದಿದ್ದವನು ನಾನೇ.