ಅಮ್ಮ ಚುಕ್ಕಿ ಇಟ್ಟ ತೋಟ

ಗಲ್ಫಿಂದ ಫೋನ್ ಬಂದ್ರೆ ಪಕ್ಕದ ಮನೆಗೆ ಓಡ್ತಿದ್ದ ಕಾಲ ಅದು. ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ನನಗೆ ಏಳು ವರ್ಷ. ಅಮ್ಮನೂ ನಾನೂ ವಿಸಿಟ್ ವೀಸಾದಲ್ಲಿ ಎರಡು ತಿಂಗಳಿಗೆ ಕುಂದಾಪುರದಿಂದ ಕತಾರ್‌ಗೆ ಹೋಗಿದ್ವಿ. ಅಪ್ಪಯ್ಯ ಅಲ್ ಥುಮಾಮಾದಲ್ಲಿ ಒಬ್ಬ ಅರಬಿಯ ಮನೇಲಿ ತೋಟದ ಕೆಲಸಕ್ಕಿದ್ರು. ಗೇಟಿನ ಪಕ್ಕದ ಒಂದೇ ಕೋಣೇಲಿ ಮೂರೂ ಜನ. ಬೆಳಿಗ್ಗೆ ಬಿಸಿ ಖುಬ್ಬೂಸ್ ರೊಟ್ಟಿ, ಊರಿಂದ ತಂದ ಒಣಮೀನಿನ ಚಟ್ನಿ. ಎಸಿ ಗಾಳಿಗೂ ಅದೇ ವಾಸನೆ.

ನಾವು ಹೋಗೋ ಮೊದಲು ಆ ಅರಬಿ ಅಪ್ಪಯ್ಯನನ್ನ ಯುರೋಪಿಗೆ ಕರ್ಕೊಂಡು ಹೋಗಿದ್ದ, ಒಂದು ತೋಟ ತೋರಿಸೋದಕ್ಕೆ. ಹಳೇ ಪೇಟೆ, ಹೊಳೆ ಬದಿ, ರಾಜರ ಕಾಲದ ತೋಟ. ಬೇಲಿ ಗಿಡಗಳನ್ನೇ ಸುರುಳಿ ಸುರುಳಿಯಾಗಿ ನೆಟ್ಟದ್ದು; ಆ ಶೈಲಿಗೆ 'ಬರೋಕ್' ಅಂತಾರಂತೆ. "ನನ್ನ ಅಂಗಳದಲ್ಲೂ ಹಾಗೇ ಮಾಡು. ಚೆನ್ನಾಗಿ ಬಂದ್ರೆ ಹೆಂಡ್ತಿ ಮಗನಿಗೆ ಫ್ಯಾಮಿಲಿ ವೀಸಾ," ಅಂದಿದ್ದ. ನಾನು ಅಲ್ಲೇ ಉಳಿದು ಶಾಲೆಗೆ ಸೇರೋದೂ ಆ ವೀಸಾದ ಮೇಲೇ ನಿಂತಿತ್ತು.

ಅಪ್ಪಯ್ಯ ಆ ತೋಟದ ಫೋಟೋ ನೋಡ್ಕೊಂಡು ಅಂಗಳದ ಮರಳ ಮೇಲೆ ಸುಣ್ಣದ ಪುಡಿಯಿಂದ ಗೆರೆ ಹಾಕ್ತಿದ್ರು, ಅಳಿಸ್ತಿದ್ರು. ಒಂದು ಸುರುಳಿಯೂ ಸರಿ ಬರ್ತಿರಲಿಲ್ಲ. ನಾಳೆ ಅರಬಿ ನೋಡೋಕೆ ಬರ್ತಾನೆ. ಅಮ್ಮ ಫೋಟೋ ಕಸ್ಕೊಂಡಳು.

"ಎಂತ ಮಾರಾಯ್ರೆ, ಇದ್ ರಂಗೋಲಿ ಅಲ್ದಾ? ಇದನ್ ಕಾಂಬುಕೆ ಇಮಾನ ಹತ್ಕಂಡ್ ಹೋದ್ರ್ಯಾ?"

"ಮುನ್ನೂರ್ ವರ್ಷದ ತೋಟ ಮಾರಾಯ್ತಿ ಅದ್!"

"ಇರ್ಲಿ. ಚುಕ್ಕಿ ಇಡ್ದೆ ಯಾರ್ ಗೆರೆ ಎಳಿತ್ರ್?"

ಚುಕ್ಕಿ ಥರ ಹೆಜ್ಜೆಗೊಂದು ಕಲ್ಲಿಟ್ಟು, ಕಲ್ಲುಗಳ ಸುತ್ತ ಸುಣ್ಣ ಬಿಡ್ತಾ ಹೋದಳು. ಅಪ್ಪಯ್ಯ ಬುಟ್ಟಿ ಹಿಡ್ಕೊಂಡು ಹಿಂದೆ. ಸಂಜೆಗೆ ಅಂಗಳ ತುಂಬಿತು. ಆಮೇಲೆ ಅಪ್ಪಯ್ಯ, ತೋಟ ಆಗಲೇ ಎದ್ದು ನಿಂತಿದೆ ಅನ್ನೋ ಹಾಗೆ, ಆ ಗೆರೆಗಳ ನಡುವೆ ನಮ್ಮನ್ನ ಕರ್ಕೊಂಡು ಹೋಗಿ ತೋರಿಸಿದ್ರು. ಇಲ್ಲಿ ಕಲ್ಲಿನ ಹೆಂಗಸು, ಸೊಂಟದಲ್ಲಿ ಕೊಡ. ಇಲ್ಲಿ ಕಾರಂಜಿ. ನಾನು ಒಂದು ಗೆರೆ ದಾಟಿದ್ದೇ, "ಏ, ಹೊಳಿ ಅದ್! ಕಾಲ್ ಒದ್ದಿ ಆತ್ತ್!" ಅಂತ ಕೂಗಿದ್ರು. ಅಮ್ಮ ಸೀರೆ ನೆರಿಗೆ ಎತ್ತಿ ಹಿಡಿದು ದಾಟಿದಳು. ಇಬ್ಬರೂ ಒಟ್ಟಿಗೆ ಅಷ್ಟು ನಕ್ಕಿದ್ದನ್ನ ನಾನು ಮತ್ತೆ ನೋಡಿಲ್ಲ.

ಮರುದಿನ ಅರಬಿ ಗೆರೆಗಳ ನಡುವೆ ನಡೆದು ಖುಷಿಯಾದ. ಕೊಟ್ಟ ಮಾತಿಗೆ ವೀಸಾ ಆಫೀಸಿಗೂ ಹೋದ. ತೋಟದ ಕೆಲಸದವರಿಗೆ ಫ್ಯಾಮಿಲಿ ವೀಸಾ ಮಾಫಿ ಅಂದ್ರಂತೆ. ಅರಬಿ ಭಾಷೇಲಿ ಮಾಫಿ ಅಂದ್ರೆ ಇಲ್ಲ. ಇಲ್ಲ ಅಂದ್ರೆ ಇಲ್ಲ. ನಾವು ವಿಮಾನ ಹತ್ತಿದ ದಿನವೇ ಗಿಡದ ಲಾರಿ ಬಂತು.

ಆಮೇಲೆ ಆರು ವರ್ಷ ಅಪ್ಪಯ್ಯ ಊರಿಗೆ ಬರಲಿಲ್ಲ. ನಾಲ್ಕು ದಿನ ನೀರು ತಪ್ಪಿದ್ರೂ ಆ ಬಿಸಿಲಿಗೆ ತೋಟ ಸುಟ್ಟು ಹೋಗ್ತಿತ್ತು. ಆರನೇ ವರ್ಷ ಒಂದು ಫೋಟೋ ಕಳಿಸಿದ್ರು. ಎದೆ ಮಟ್ಟದ ಬೇಲಿ ಗಿಡದ ತಲೆ ಮೇಲೆ ಕೈ ಇಟ್ಟು ನಿಂತಿದ್ದಾರೆ. ಫೋಟೋದ ಹಿಂಬದಿ ಬರೆದಿತ್ತು: "ಮಗಾ, ಗಿಡ ಈಗ ನಿನ್ನಷ್ಟೇ ಎತ್ತರ."

ಆಗ ನಾನು ಅಮ್ಮನಿಗಿಂತ ಎತ್ತರ ಇದ್ದೆ.