ಹೆಡ್‌ಲೈಟಿನ ಮೂರು ಕಿವಿ

ನಾನು ಟೈಲರ್. ನನ್ನ ಹೆಂಡತಿ ಒಡೆದ ಪ್ಲಾಸ್ಟಿಕ್ ಬೆಸೆಯುವವಳು. ಇಬ್ಬರ ಕಸುಬೂ ಮನೆಯ ಮುಂದಿನ ಒಂದೇ ಕೋಣೆಯಲ್ಲಿ. ಈ ಗೋಡೆಗೆ ನನ್ನ ಹೊಲಿಗೆ ಯಂತ್ರ, ಆ ಕಿಟಕಿಯ ಕೆಳಗೆ ಅವಳ ಬೆಂಚು. ಗಿರಾಕಿಗಳು ಹೊಸ ಅಂಗಿ ತೊಟ್ಟು, ತೋಳು ಮೂಸಿ, "ಏನ್ರೀ ಇದು, ಸುಟ್ಟ ವಾಸನೆ?" ಎಂದಾಗಲೆಲ್ಲ ನನಗೆ ಪಿತ್ತ ನೆತ್ತಿಗೇರುತ್ತದೆ. ಕೂಗಾಡುತ್ತೇನೆ. ಅವಳು ಜಗ್ಗುವುದಿಲ್ಲ, ಬಗ್ಗುವುದಿಲ್ಲ.

ಅವಳ ವಿದ್ಯೆಯೆಲ್ಲ ಇರುವುದು ಮೂಗಿನಲ್ಲಿ. ಪ್ಲಾಸ್ಟಿಕ್ಕಿನಲ್ಲಿ ಹಲವು ಜಾತಿ. ಒಂದು ಇನ್ನೊಂದಕ್ಕೆ ಜಪ್ಪಯ್ಯ ಅಂದರೂ ಅಂಟುವುದಿಲ್ಲ, ನೋಡಲು ಮಾತ್ರ ಎಲ್ಲವೂ ಕರಿ. ಅದಕ್ಕೇ ಅವಳು ಒಂದು ಚೂರು ಕೆರೆದು, ಬೆಂಕಿಗೆ ಹಿಡಿದು ಹೊಗೆ ಮೂಸುತ್ತಾಳೆ. ಆಮೇಲೆ ಅದೇ ಜಾತಿಯ ಹಳೇ ಸಾಮಾನಿನಿಂದ ಪಟ್ಟಿ ಕತ್ತರಿಸಿ, ಕಾಯಿಸಿದ ಕಡ್ಡಿಯಿಂದ ಕರಗಿಸಿ ಬೆಸೆಯುತ್ತಾಳೆ.

ಈಚೆಗೆ ಅವಳಿಗೆ ಜ್ವರ ಬಂದು ಹೋಯಿತು. ಹೋಗುವಾಗ ವಾಸನೆ ಹಿಡಿಯುವ ಶಕ್ತಿಯನ್ನೂ ಹೊತ್ತುಕೊಂಡು ಹೋಯಿತು. ನನಗೆ ಹೇಳಲಿಲ್ಲ, ಬಿಗುಮಾನ! ಒಂದು ದಿನ ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ನಾರುತ್ತಿದ್ದರೆ, ಈ ಮಹಾತಾಯಿ ಅದಕ್ಕೆ ಬೆನ್ನು ಹಾಕಿ ಕೂತು ಆರಾಮವಾಗಿ ತರಕಾರಿ ಹೆಚ್ಚುತ್ತಿದ್ದಳು. ಆಗ ನನಗೆ ತಿಳಿಯಿತು. ತುಟಿಪಿಟಕ್ಕೆನ್ನದೆ ಒಲೆ ಆರಿಸಿದೆ. ಕೆಲಸವಿಲ್ಲದೆ ಕೂತರೆ ಬಾಡಿಹೋಗುವ ಜೀವ ಅದು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಅಂಥ ಹೊತ್ತಿನಲ್ಲೇ ಬೈಕು ತಳ್ಳಿಕೊಂಡು ನರ್ಸಮ್ಮ ಬಂದಳು. ಬೋಲ್ಟು ಕೂರುವ ಪ್ಲಾಸ್ಟಿಕ್ ಕಿವಿಗಳು ಮೂರೂ ಮುರಿದು, ಹೆಡ್‌ಲೈಟು ವೈರಿನಲ್ಲಿ ಜೋತಾಡುತ್ತಿತ್ತು.

"ಅಕ್ಕಾ, ಈ ಪಾರ್ಟು ಎಲ್ಲೂ ಸಿಗ್ತಿಲ್ಲ. ಸಂಜೆ ಡ್ಯೂಟಿ ಬೇರೆ. ಆಸ್ಪತ್ರೆ ದಾರೀಲಿ ಒಂದು ದೀಪಾನೂ ಇಲ್ಲ."

"ಬೈಕು ಇಲ್ಲೇ ಬಿಟ್ಟು ಹೋಗಮ್ಮ. ಮಧ್ಯಾಹ್ನ ಬಾ, ಕಲ್ಲಿನ ಥರ ಗಟ್ಟಿ ಮಾಡಿಟ್ಟಿರ್ತೀನಿ" ಎಂದಳು ನನ್ನವಳು. ಧೈರ್ಯ ನೋಡಿ!

ನಾನು ಗುಂಡಿ ಹೊಲಿಯುತ್ತ ಓರೆಗಣ್ಣಲ್ಲಿ ನೋಡುತ್ತಿದ್ದೆ. ಚೂರು ಕೆರೆದಳು, ಸುಟ್ಟಳು, ಮೂಸುವ ನಾಟಕವನ್ನೂ ಮಾಡಿದಳು. ಕೊನೆಗೆ ಅಂದಾಜಿನ ಮೇಲೆ ಯಾವುದೋ ಕರಿ ಪಟ್ಟಿ ಎತ್ತಿಕೊಂಡಳು. ಮುರಿದಲ್ಲಿ ಸಣ್ಣ ತಂತಿ ಹುದುಗಿಸಿ, ಮೇಲೆ ಪಟ್ಟಿ ಕರಗಿಸಿ, ಮೂರು ಕಿವಿಯನ್ನೂ ಚೆಂದವಾಗಿ ಬೆಸೆದಳು. ಆರಿದ ಮೇಲೆ ಬೋಲ್ಟು ತಿರುಗಿಸಿದಳು. ಟಕ್! ಬೆಸುಗೆ ಗಾಯದ ಹಕ್ಕಳೆಯ ಹಾಗೆ ಎದ್ದು ಬಂತು.

ಅವಳು ಕಡ್ಡಿ ಕೆಳಗಿಟ್ಟಳು.

"ರೀ, ನನಗೆ ಯಾವ ವಾಸನೇನೂ ಬರ್ತಿಲ್ಲ. ಬಾಗಿಲ ಮೇಲಿನ ನನ್ನ ಬೋರ್ಡು ಇಳಿಸಿಬಿಡಿ. ನಿಮ್ಮ ಅಂಗಿಗಳಾದ್ರೂ ಚೆನ್ನಾಗಿರ್ಲಿ."

ನನಗೆ ಸಂಕಟಕ್ಕಿಂತ ಸಿಟ್ಟು ಬಂತು. ಎದ್ದು ಹೋಗಿ ಅವಳು ಬಳಸಿದ ಪಟ್ಟಿಯ ತುದಿ ಸುಟ್ಟು ಮೂಸಿದೆ.

"ಆರಿಸಿದ ಮೇಣದಬತ್ತಿ ವಾಸನೆ. ಇದು ಬಕೆಟ್ ಜಾತಿ ಕಣೇ!" ಹೆಡ್‌ಲೈಟಿನ ಚೂರನ್ನೂ ಸುಟ್ಟೆ. ಗಂಟಲು ಕೆರೆಯಿತು, ಕೆಮ್ಮು ಬಂತು. "ಇದು... ಇದು ಹೆಲ್ಮೆಟ್ ಜಾತಿ. ಹೋದ ವಾರ ಕತ್ತರಿಸಿದ್ಯಲ್ಲ, ಆ ಹೆಲ್ಮೆಟ್ ಎಲ್ಲಿ?"

ಅವಳು ಕಣ್ಣು ಕಣ್ಣು ಬಿಟ್ಟಳು. "ನಿಮಗೆ ಹೇಗ್ರೀ ಗೊತ್ತು? ಯಾವಾಗ್ಲೂ ಮೂಗು ಮುಚ್ಕೊಂಡೇ ಇರ್ತಿದ್ರಲ್ಲ?"

"ಮುಚ್ಕೊಂಡ್ರೆ? ಉಸಿರಾಡೋದು ಬೇಡ್ವಾ?"

ಕೆನ್ನೆ ಒರೆಸಿಕೊಂಡು ಬಿದ್ದು ಬಿದ್ದು ನಕ್ಕಳು. ಬಕೆಟ್ಟಿನ ಅಂಟನ್ನೆಲ್ಲ ಕೆರೆದು ತೆಗೆದು, ಹೆಲ್ಮೆಟ್ಟಿನ ಪಟ್ಟಿಯಿಂದ ಮತ್ತೆ ಬೆಸೆದಳು. ನರ್ಸಮ್ಮ ಬಂದಾಗ ಹೆಡ್‌ಲೈಟು ಬೈಕಿನ ಮೇಲೆ ಕೂತಿತ್ತು. ನನ್ನವಳು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಬೈಕೇ ಅಲ್ಲಾಡಿತು, ಕಿವಿಗಳು ಅಲ್ಲಾಡಲಿಲ್ಲ. ನರ್ಸಮ್ಮ ದೀಪ ಹಾಕಿ, ಹಾರನ್ ಬಾರಿಸಿ ಹೊರಟುಹೋದಳು.

ನಾನು ದೊಡ್ಡ ಸಾಧನೆ ಮಾಡಿದವನಂತೆ ಯಂತ್ರದ ಮುಂದೆ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಅತ್ತ ಸ್ಟೂಲು ಎಳೆದ ಸದ್ದಾಯಿತು. ತನ್ನ ಬೆಂಚಿನ ಹತ್ತಿರ ಯಾರನ್ನೂ ಸೇರಿಸದವಳು ತಾನು ಪಕ್ಕಕ್ಕೆ ಸರಿದು, ಇನ್ನೊಂದು ಸ್ಟೂಲು ಹಾಕಿದ್ದಳು.

"ಬನ್ನಿ, ಈ ಕುರ್ಚಿ ಕಾಲು ಯಾವ ಜಾತಿ, ಮೂಸಿ ಹೇಳಿ" ಎಂದಳು, ನನ್ನ ಕಡೆ ತಿರುಗದೆ.

ಅಂಗಿಯ ಕಾಲರು ಅರ್ಧ ಹೊಲಿದಾಗಿತ್ತು. ಹಾಗೇ ಬಿಟ್ಟು ಎದ್ದೆ.